ಗುರುವಾರದ ಸೀಲು

ಆ ಇಮೇಲನ್ನು ನಾನು ಪೂರ್ತಿ ಓದಿದ್ದೆ, ಸಲೀಂ.

ನೋಟರಿ ಬೇಡ, ಸೀಲು ಬೇಡ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ಕಳಿಸಿದರೆ ಸಾಕು ಎಂದು ನಿನ್ನ ವಕೀಲೆ ನಾಲ್ಕನೆಯ ಪ್ಯಾರಾದಲ್ಲಿ ಬರೆದಿದ್ದರು. ದಪ್ಪಕ್ಷರದಲ್ಲಿ ಬರೆದಿದ್ದರು. ನಾನು ಅವಸರದಲ್ಲಿ ಆ ಸಾಲು ನೋಡಲಿಲ್ಲ, ನಮ್ಮ ಕಡೆಯ ಬುದ್ಧಿಗೆ ಸೀಲು ಹುಡುಕಿಕೊಂಡು ಓಡಾಡಿದೆ, ಅಷ್ಟರಲ್ಲಿ ಹೊತ್ತು ಮೀರಿತು — ಇದು ನೀನು ಏಳು ವರ್ಷದಿಂದ ನಂಬಿಕೊಂಡು ಬಂದ ಕತೆ. ಹೇಳಿದವನು ನಾನೇ. ಅದು ಸುಳ್ಳು. ಆ ಸಾಲನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದುವುದು ಬೇಡವೆಂದು ಫೋನನ್ನು ಬೋರಲು ಹಾಕಿದೆ.

ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಈ ಕಾಗದವನ್ನು ನಿನ್ನ ಹೆಂಡತಿ ಆಯಿಷಾ ಕೂಡ ಓದಬೇಕು. ಪ್ರತಿ ಈದ್‌ಗೂ ಅವಳು ನನಗೆಂದು ಬೇರೆ ಡಬ್ಬಿಯಲ್ಲಿ ಶೀರ್‌ಖುರ್ಮಾ ತುಂಬಿ ಕಳಿಸುತ್ತಾಳೆ. ಯಾರಿಗೆ ಕಳಿಸುತ್ತಿದ್ದಾಳೆ ಎನ್ನುವುದು ಅವಳಿಗೆ ಗೊತ್ತಿರಲಿ. ಇನ್ನೊಂದು ಕಾರಣವೂ ಇದೆ. ಬಿಡಿಬಿಡಿಯಾಗಿ ನೆನೆದಾಗ ಪ್ರತಿಯೊಂದಕ್ಕೂ ನನ್ನ ಬಳಿ ಒಂದು ಸಮಜಾಯಿಷಿ ಇರುತ್ತದೆ. ಸಾಲಾಗಿ ಬರೆದರೆ ಒಂದೂ ನಿಲ್ಲುವುದಿಲ್ಲ.

ಅಮೆರಿಕದ ಆ ವಿಶ್ವವಿದ್ಯಾಲಯದ ಊರಿನಲ್ಲಿ ನಾವಿಬ್ಬರು ಎರಡು ವರ್ಷ ಒಂದೇ ಮನೆಯಲ್ಲಿದ್ದೆವು. ನೀನು ಹುಬ್ಬಳ್ಳಿಯವನು, ನಾನು ತಿಪಟೂರಿನವನು. ಬೇರೆ ಕನ್ನಡದವರ ಎದುರು ನೀನು ಬೆಂಗಳೂರಿನ ಭಾಷೆ ಆಡುತ್ತಿದ್ದೆ, ಅಡುಗೆಮನೆಗೆ ಬಂದ ಕೂಡಲೇ ನಿನ್ನ ಭಾಷೆಗೆ ಇಳಿಯುತ್ತಿದ್ದೆ. ಯಾರೋ ಪುಕ್ಕಟೆ ಹಂಚಿದ ಅಂಗೈಯಗಲದ ಸಂವಿಧಾನದ ಪುಸ್ತಕವೊಂದು ನಿನ್ನ ಬಳಿ ಇತ್ತು. ನಾನು ಸಾರು ಕುದಿಸುವಾಗ ನೀನು ಅದರಿಂದ ಓದಿ ಹೇಳುತ್ತಿದ್ದೆ. ಹೊಸ ಅಧ್ಯಕ್ಷರು ಬಂದು, ಕೆಲವು ದೇಶಗಳ ಜನ ಒಳಗೆ ಬರಬಾರದೆಂದು ಆದೇಶ ಹೊರಡಿಸಿದ ದಿನಗಳು ಅವು. ನನಗೆ ದಿಗಿಲು, ನಿನಗೆ ಮಾತ್ರ ಏನೂ ಇಲ್ಲ. "ಈ ದೇಶದಾಗ ಅಧ್ಯಕ್ಷ ದೊಡ್ಡಾಂವ ಅಲ್ಲಪಾ, ಈ ಪುಸ್ತಕ ದೊಡ್ಡದು," ಅನ್ನುತ್ತಿದ್ದೆ. ಕೋರ್ಟುಗಳ ಮೇಲೆ ನಿನಗಿದ್ದ ನಂಬಿಕೆ ನೋಡಿ ನಾನು ಗೇಲಿ ಮಾಡುತ್ತಿದ್ದೆ.

ನಮ್ಮ ತರಗತಿಯ ಇರಾನಿ ಹುಡುಗಿಯೊಬ್ಬಳ ತಾಯಿಯನ್ನು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳಿಸಿದರು. ಆ ವಾರ ಆಡಳಿತ ಕಟ್ಟಡದ ಮೆಟ್ಟಿಲುಗಳ ಮೇಲೆ ಸಭೆ ನಡೆಯಿತು. ಹೋಗೋಣವೆಂದು ಹಟ ಹಿಡಿದವನು ನಾನು, ನೀನಲ್ಲ. ಫಲಕ ಬರೆದವನೂ ನಾನೇ — ಸ್ಕೂಲಿನಲ್ಲಿ ಚಿತ್ರಕಲೆಗೆ ಬಹುಮಾನ ಬಂದ ಕೈ, ಸುಮ್ಮನಿರುತ್ತದೆಯೇ! 'ತಾಯಂದಿರನ್ನು ಒಳಗೆ ಬಿಡಿ' ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ, ನೆರಳು ಕೊಟ್ಟು ಬರೆದಿದ್ದೆ. ಮುಕ್ಕಾಲು ಗಂಟೆ ಹೆಮ್ಮೆಯಿಂದ ಹಿಡಿದು ನಿಂತಿದ್ದೆ. ಆಮೇಲೆ ಬೂಟಿನ ದಾರ ಬಿಚ್ಚಿಕೊಂಡಿದೆ, ಒಂದು ನಿಮಿಷ ಹಿಡಿ ಎಂದು ನಿನ್ನ ಕೈಗೆ ಕೊಟ್ಟೆ. ಆ ನಿಮಿಷದಲ್ಲಿ ಯಾರೋ ಫೋಟೊ ತೆಗೆದರು. ಆ ಬೂಟಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಆಮೇಲೆ ನಾವು ಅಲ್ಲಿ ನಿಲ್ಲಲಿಲ್ಲ. ಬೀದಿ ಕೊನೆಯ ಲಾಂಡ್ರಿಯಲ್ಲಿ ನಮ್ಮ ಬಟ್ಟೆ ತಿರುಗುತ್ತಿತ್ತು; ಹೊತ್ತಿಗೆ ಹೋಗದಿದ್ದರೆ ಮುಂದಿನವರು ಎತ್ತಿ ಮೇಜಿನ ಮೇಲೆ ಒಗೆಯುತ್ತಾರೆ, ನಿನ್ನ ಬಿಳಿ ಅಂಗಿ ಕಳೆದರೆ ಶುಕ್ರವಾರದ ನಮಾಜಿಗೆ ಏನು ಹಾಕಿಕೊಳ್ಳಲಿ ಎಂದು ನಿನಗೆ ಚಿಂತೆ. ನಾವು ಬಟ್ಟೆ ಮಡಚುತ್ತಿದ್ದಾಗ ಪೊಲೀಸ್ ಗಾಡಿಗಳ ಸದ್ದು ಕೇಳಿತು. ಸಭೆಯಲ್ಲಿದ್ದ ಕೆಲವರು ಕಟ್ಟಡದ ಗಾಜಿನ ಬಾಗಿಲು ಒಡೆದು ಒಳನುಗ್ಗಿದ್ದರು, ಕಾವಲುಗಾರನೊಬ್ಬನಿಗೆ ಪೆಟ್ಟಾಗಿತ್ತು. ಆ ಹೊತ್ತಿನಲ್ಲಿ ನೀನು ಲಾಂಡ್ರಿಯಲ್ಲಿದ್ದೆ ಎನ್ನುವುದನ್ನು ನೋಡಿದ ಜೀವ ಈ ಭೂಮಿಯ ಮೇಲೆ ಒಂದೇ ಒಂದು. ಅದು ನಾನು.

ಓದು ಮುಗಿಸಿ ನಾನು ಸ್ವೀಡನ್ನಿಗೆ ಬಂದೆ, ನೀನು ಅಲ್ಲಿಯೇ ಕೆಲಸಕ್ಕೆ ಸೇರಿದೆ. ಒಂದು ಬೆಳಿಗ್ಗೆ ಆಫೀಸಿಗೆ ಹೊರಟವನನ್ನು ಕಾರು ನಿಲ್ಲಿಸುವ ಜಾಗದಲ್ಲೇ ವಲಸೆ ಅಧಿಕಾರಿಗಳು ಹಿಡಿದುಕೊಂಡು ಹೋದರು. ವೀಸಾ ರದ್ದು, ಗಲಭೆಯಲ್ಲಿದ್ದವನು, ದೇಶದಿಂದ ಹೊರಹಾಕಬೇಕು. ಸಾಕ್ಷಿಗೆ ಆ ಫೋಟೊ. ನಿನ್ನ ವಕೀಲೆ ಕೋರ್ಟಿಗೆ ಹೋದರು. ಫಲಕ ಹಿಡಿಯುವುದು ಆ ದೇಶದಲ್ಲಿ ತಪ್ಪಲ್ಲ, ಅದನ್ನು ನಾನು ವಾದಿಸಿಕೊಳ್ಳುತ್ತೇನೆ, ನೀವು ಚಿಂತಿಸಬೇಡಿ ಎಂದು ಅವರು ನನಗೆ ಬರೆದರು. ಬಾಗಿಲು ಒಡೆದಾಗ ಅವನು ನಿಮ್ಮ ಜೊತೆ ಎಲ್ಲಿದ್ದ ಎಂಬುದನ್ನು ಮಾತ್ರ ಬರೆದುಕೊಡಿ. ಬುಧವಾರ ವಿಚಾರಣೆ. 'ಸುಳ್ಳು ಹೇಳಿದ್ದರೆ ಶಿಕ್ಷೆಗೆ ಒಳಪಡುತ್ತೇನೆಂದು ತಿಳಿದು, ಇದು ಸತ್ಯವೆಂದು ಹೇಳುತ್ತೇನೆ' — ಈ ಒಂದು ವಾಕ್ಯ, ಕೆಳಗೆ ತಾರೀಖು, ಸಹಿ. ಅಲ್ಲಿನ ಕಾನೂನಿಗೆ ಅಷ್ಟು ಸಾಕು.

ಇಮೇಲ್ ಬಂದದ್ದು ಶುಕ್ರವಾರ ಸಂಜೆ. ಸುಂಡ್‌ಬೀಬರ್ಯ್‌ನ ಈ ಮನೆಗೆ ನಾನೂ ನನ್ನ ಹೆಂಡತಿ ವಿದ್ಯಾಳೂ ಬಂದು ಎರಡು ತಿಂಗಳಾಗಿತ್ತು. ನಾನು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿದ್ದೆ — ಇಲ್ಲಿ ಇಡೀ ಕಟ್ಟಡಕ್ಕೆ ಒಂದೇ ಕೋಣೆ, ಬೋರ್ಡಿನ ಮೇಲೆ ಸಮಯ ಕಾದಿರಿಸಬೇಕು, ಹತ್ತು ನಿಮಿಷ ಮೀರಿದರೆ ಪಕ್ಕದ ಮನೆಯವರು ಚೀಟಿ ಅಂಟಿಸುತ್ತಾರೆ. ಮಿಷನ್ನಿನ ಎದುರು ನಿಂತೇ ಓದಿದೆ. ಐದು ನಿಮಿಷದ ಕೆಲಸ. ಮೇಲೆ ಹೋಗಿ ಪ್ರಿಂಟ್ ತೆಗೆದು ಸಹಿ ಹಾಕಿದರೆ ಮುಗಿಯಿತು.

ನನ್ನ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇತ್ತು. ನಮ್ಮ ಕಂಪನಿಯ ದೊಡ್ಡ ಗಿರಾಕಿ ಅಲ್ಲಿಯವರು. ಮೂರು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ, ತಂಡದ ಮುಖ್ಯಸ್ಥನನ್ನಾಗಿ ಮಾಡುವ ಮಾತು ನಡೆದಿತ್ತು. ಕೆಲಸ ಹೋದರೆ ಇಲ್ಲಿನ ಪರ್ಮಿಟ್ಟೂ ಹೋಗುತ್ತದೆ. ಫಲಕ ಯಾರದು ಎಂದು ಸರ್ಕಾರಿ ವಕೀಲ ಕೇಳಿದರೆ? ಆ ಕಡತದಲ್ಲಿ ನನ್ನ ಹೆಸರು ಬಂದರೆ? ಮುಂದಿನ ಸಲ ಕೌಂಟರಿನಲ್ಲಿ ನನ್ನ ಪಾಸ್‌ಪೋರ್ಟ್ ತಿರುವಿ, ಪಕ್ಕಕ್ಕೆ ಬನ್ನಿ ಎಂದರೆ? ಯಾರೂ ನನ್ನನ್ನು ಹೆದರಿಸಿರಲಿಲ್ಲ, ಸಲೀಂ. ಒಂದು ಫೋನ್ ಕರೆಯೂ ಬಂದಿರಲಿಲ್ಲ. ಅಧ್ಯಕ್ಷರಿಗೆ ನಾನು ಬದುಕಿದ್ದೇನೆಂದೂ ಗೊತ್ತಿಲ್ಲ. ಆ ಭಯವನ್ನೆಲ್ಲ ನಾನೇ ಕೂತು ಹೆಣೆದುಕೊಂಡೆ.

ಸೋಮವಾರ ಆಫೀಸಿನ ಫೀಕಾ ಹೊತ್ತಿನಲ್ಲಿ, ಕಾಫಿ ಕುಡಿಯುತ್ತಾ, ಬಿರ್ಗಿತ್ತಾ ಎಂಬ ಹಿರಿಯ ಸಹೋದ್ಯೋಗಿಯ ಬಳಿ ವಿಷಯ ತೆಗೆದೆ. ಯಾರೋ ಪರಿಚಯದವನ ಕತೆ ಎಂಬಂತೆ. ಅವಳು ಎಲ್ಲ ಕೇಳಿ, ಅವನು ಬಾಗಿಲು ಒಡೆದನೇ ಅಂದಳು. ಇಲ್ಲ ಅಂದೆ. "ಹಾಗಾದರೆ ಬರೆದುಬಿಡು," ಅಂದು ಲೋಟ ತೊಳೆದಿಟ್ಟು ಹೋದಳು. ಅವಳ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತೇ! ಈ ದೇಶದಲ್ಲಿ ಹುಟ್ಟಿದವಳಿಗೆ ಏನು ಗೊತ್ತು ನಮ್ಮ ಕಷ್ಟ ಅಂದುಕೊಂಡೆ. ಆ 'ನಮ್ಮ'ದಲ್ಲಿ ನೀನಿರಲಿಲ್ಲ.

ಆಗ ನೆನಪಾದದ್ದು ಸೀಲು. ನಮ್ಮಪ್ಪ ತಿಪಟೂರಿನ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕ್ರಯಪತ್ರ, ವಿಭಾಗಪತ್ರ ಬರೆಯುತ್ತಿದ್ದವರು. ಸೀಲಿಲ್ಲದ ಕಾಗದ ಬೋಂಡ ಕಟ್ಟಲಿಕ್ಕೆ ಲಾಯಕ್ಕು ಅನ್ನುತ್ತಿದ್ದರು. ನಮ್ಮಲ್ಲಿ ಯಾರಿಗೆ ಹೇಳಿದರೂ ನಂಬುವ ಮಾತು ಅದು: ಕೋರ್ಟಿಗೆ ಕೊಡುವ ಕಾಗದ, ಅದೂ ಅಮೆರಿಕದ ಕೋರ್ಟಿಗೆ, ಸೀಲಿಲ್ಲದೆ ಹೋಗುತ್ತದೆಯೇ? ವಿದ್ಯಾ ನಂಬಿದಳು. ಹುಬ್ಬಳ್ಳಿಯಲ್ಲಿದ್ದ ನಿನ್ನ ಅಣ್ಣ ನಂಬಿದರು. ಹಾಗೇ ಹೋಗಬೇಡಿ, ಎರಡು ಕಡೆ ಸೀಲು ಹಾಕಿಸಿ ಅಂದರು ಪಾಪ.

ನೋಟರಿಯ ಆಫೀಸಿಗೆ ಫೋನು ಮಾಡಿದೆ. ಗುರುವಾರ ಸಿಗುತ್ತದೆ ಎಂದರು. ಆಮೇಲೆ ಆ ಹೆಂಗಸು, ಒಂದು ಕ್ಷಣ ತಾಳಿ, ಯಾರೋ ಬರುವುದಿಲ್ಲವಂತೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಖಾಲಿಯಿದೆ, ಬರುತ್ತೀರಾ ಎಂದು ಕೇಳಿದರು. ನಾಳೆ ಎಂದರೆ ಮಂಗಳವಾರ. ಬೇಡದ ಸೀಲನ್ನೂ ದೇವರು ಹೊತ್ತಿಗೆ ಸರಿಯಾಗಿ ತಂದು ಮುಂದಿಟ್ಟಿದ್ದ. ನನಗೆ ಮೀಟಿಂಗ್ ಇದೆ ಎಂದೆ. ಮೀಟಿಂಗ್ ಇರಲಿಲ್ಲ. ಗುರುವಾರವೇ ಇರಲಿ ಎಂದೆ.

ಬುಧವಾರ ವಿಚಾರಣೆ ನಡೆಯಿತು. ನ್ಯಾಯಾಧೀಶೆಯ ಆದೇಶವನ್ನು ನೀನು ನನಗೆ ತೋರಿಸಿದ್ದೀಯ, ನನಗದು ಬಾಯಿಪಾಠ. ಆ ಹೊತ್ತಿನಲ್ಲಿ ಅರ್ಜಿದಾರನು ಬೇರೆಡೆ ಇದ್ದನೆಂದು ಅರ್ಜಿದಾರನನ್ನು ಬಿಟ್ಟು ಬೇರೆ ಯಾರೂ ಹೇಳಿಲ್ಲ. ಜಾಮೀನು ಇಲ್ಲ. ಯಾರಾದರೂ ಹೇಳಿದ್ದರೆ ಬಿಡುತ್ತಿದ್ದರೋ ಏನೋ — ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು. ನಿನ್ನ ಪುಸ್ತಕ ಸುಳ್ಳಾಗಿರಲಿಲ್ಲ, ಕೋರ್ಟು ಬಾಗಿಲು ಮುಚ್ಚಿರಲಿಲ್ಲ, ಅಧ್ಯಕ್ಷರ ವಕೀಲನ ಎದುರು ನಿನ್ನ ವಕೀಲೆ ಎದ್ದು ನಿಂತಿದ್ದರು. ಬರಬೇಕಾಗಿದ್ದ ಒಂದು ಹಾಳೆ ಬರಲಿಲ್ಲ, ಅಷ್ಟೇ.

ಗುರುವಾರ ನಾನು ನೋಟರಿಯ ಬಳಿ ಹೋದೆ. ಹೌದು, ಹೋದೆ! ಎಲ್ಲ ಮುಗಿದ ಮೇಲೆ, ಚಂದದ ಉಬ್ಬು ಸೀಲು ಒತ್ತಿಸಿ, ಫೋಟೊ ತೆಗೆದು ವಕೀಲೆಗೆ ಕಳಿಸಿದೆ. ಕ್ಷಮಿಸಿ, ಸೀಲು ಸಿಗುವುದು ತಡವಾಯಿತು ಎಂದು ಬರೆದೆ. ಸೀಲು ಬೇಡವೆಂದು ಹೇಳಿದ್ದೆನಲ್ಲ, ಆದರೂ ಪ್ರಯತ್ನಕ್ಕೆ ಧನ್ಯವಾದ ಎಂದು ಅವರು ಉತ್ತರಿಸಿದರು. ಮುಂದಿನ ವಾರ ನೀನು ಬಂಧನದಿಂದ ಫೋನು ಮಾಡಿದೆ. ಎರಡೇ ನಿಮಿಷದ ಕರೆ. ನಾನು ಅದೇ ಕತೆ ಹೇಳಿದೆ — ನೋಡಲಿಲ್ಲ ಕಣೋ ಆ ಸಾಲು, ಸೀಲು ಬೇಕು ಅಂದುಕೊಂಡೆ. ಅದಕ್ಕೆ ನೀನು,

"ಇರ್ಲಿ ಬಿಡಲೇ. ನೀ ಭಾಳ ಓಡ್ಯಾಡೀದಿ. ಅಷ್ಟು ಸಾಕು ನನಗ," ಅಂದೆ.

ನೀನು ನಾಲ್ಕು ತಿಂಗಳು ಒಳಗಿದ್ದೆ. ಹುಬ್ಬಳ್ಳಿಯಲ್ಲಿ ನಿನ್ನ ಅಬ್ಬಾನ ಕಾಯಿಲೆ ಬಲಿಯಿತು. ಮೊಕದ್ದಮೆ ಬಿಟ್ಟು ನಾನಾಗಿಯೇ ದೇಶ ಬಿಡುತ್ತೇನೆಂದು ಒಪ್ಪಿದರೆ ಕಳಿಸುತ್ತೇವೆ ಎಂದು ಕಾಗದ ಮುಂದಿಟ್ಟರು. ಇನ್ನು ಸ್ವಲ್ಪ ತಾಳು, ಗೆಲ್ಲಬಹುದು ಎಂದು ವಕೀಲೆ ಹೇಳಿದರಂತೆ. ನಾನು ಹಾಕದೇ ಹೋದ ಸಹಿಯನ್ನು ನೀನು ಅಲ್ಲಿ ಹಾಕಿದೆ. ನೀನು ಮನೆ ಮುಟ್ಟುವ ಎರಡು ದಿನ ಮೊದಲು ಅಬ್ಬಾನನ್ನು ಮಣ್ಣು ಮಾಡಿದ್ದರು.

ಇದಾದ ಮೇಲೆ ನಾನೇನು ಮಾಡಿದೆ? ಒಳ್ಳೆಯವನಾದೆ. ಸ್ವೀಡನ್ನಿನಲ್ಲೇ, ನಾರ್‌ಶೋಪಿಂಗ್‌ನ ಕಂಪನಿಯಲ್ಲಿ ನಿನಗೆ ಕೆಲಸ ಹುಡುಕಿದೆ, ನೀನು ಬಂದಿಳಿದಾಗ ದಪ್ಪ ಜಾಕೆಟ್ಟು ಹಿಡಿದುಕೊಂಡು ನಿಲ್ದಾಣಕ್ಕೆ ಬಂದೆ, ಆಯಿಷಾ ಬಂದಾಗ ಇಲ್ಲಿನ ಗುರುತಿನ ಸಂಖ್ಯೆಯಾದ ಪರ್ಸನ್‌ನಂಬರ್‌ಗೆ ಅರ್ಜಿ ತುಂಬಿದೆ, ನಿನ್ನ ಮಗಳು ಝೋಯಾಗೆ ಇಲ್ಲಿನ ಶಿಶುವಿಹಾರ ದಾಗಿಸ್‌ನಲ್ಲಿ ಜಾಗ ಸಿಗುವವರೆಗೆ ನಗರಸಭೆ ಆಫೀಸಿಗೆ ಅಲೆದೆ. ಎಲ್ಲರೂ ಹೊಗಳಿದರು. ಕನ್ನಡದವರ ಊಟಕ್ಕೆ ಸೇರಿದಾಗಲೆಲ್ಲ ಅಮೆರಿಕದ ಅಧ್ಯಕ್ಷರನ್ನು ನನ್ನಷ್ಟು ಜೋರಾಗಿ ಬೈದವರಿಲ್ಲ. ಹಕ್ಕು, ಸ್ವಾತಂತ್ರ್ಯ, ನ್ಯಾಯಾಂಗ — ಪುಳಿಯೋಗರೆ ತಿನ್ನುತ್ತಾ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ನೀನು ಮೂಲೆಯಲ್ಲಿ ಕೂತು ನಗುತ್ತಿದ್ದೆ, ಆಮೇಲೆ ನನ್ನ ಭುಜ ತಟ್ಟಿ, ಇವನಿಗೆ ಸೀಲಿನ ಹುಚ್ಚು ನೋಡ್ರಿ ಎಂದು ಆ ಕತೆ ಶುರುಮಾಡುತ್ತಿದ್ದೆ. ಸೀಲ್ ಸಾಹೇಬ ಎಂದು ನೀನಿಟ್ಟ ಹೆಸರು ಈಗ ಝೋಯಾಳ ಬಾಯಲ್ಲೂ ಇದೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ಆ ಗುರುವಾರದ ಕಾಗದ ನಿನ್ನ ನೀಲಿ ಫೈಲಿನಲ್ಲಿದೆ. ಇಲ್ಲಿ ಪರ್ಮಿಟ್ ನವೀಕರಿಸುವಾಗಲೆಲ್ಲ, ಯಾವುದಾದರೂ ದೇಶ ನಿಮ್ಮನ್ನು ಹೊರಹಾಕಿದೆಯೇ ಎಂಬ ಪ್ರಶ್ನೆಗೆ ಉತ್ತರ ಬರೆದು, ಜೊತೆಗೆ ಅದನ್ನೂ ಲಗತ್ತಿಸುತ್ತೀಯ. ನನ್ನ ಪರವಾಗಿ ಒಬ್ಬನಾದರೂ ಇದ್ದ ಎಂದು ತೋರಿಸಲಿಕ್ಕೆ.

ಹೋದ ತಿಂಗಳು ನೀನು ಫೋನು ಮಾಡಿದೆ. ದನಿಯಲ್ಲಿ ಹಬ್ಬವಿತ್ತು. ಅಲ್ಲಿ ಬೇರೆಯವರ ಮೊಕದ್ದಮೆಗಳಲ್ಲಿ, ಫಲಕ ಹಿಡಿದ ಮಾತ್ರಕ್ಕೆ ಹಿಡಿದು ಹಾಕುವಂತಿಲ್ಲವೆಂದು ನ್ಯಾಯಾಧೀಶರು ತೀರ್ಪು ಕೊಟ್ಟಿದ್ದಾರೆ, ನಿನ್ನ ವಕೀಲೆ ನಿನ್ನ ಹಳೆಯ ಕಡತವನ್ನೂ ಮತ್ತೆ ತೆರೆಸಲು ನೋಡುತ್ತಿದ್ದಾರೆ. ನಿನ್ನ ಹೆಸರಿನ ಮುಂದಿನ ಕಲೆ ಹೋಗಬಹುದು. ಅದಕ್ಕೆ ನನ್ನ ಹೇಳಿಕೆ ಮತ್ತೆ ಬೇಕು. ಜೊತೆಗೆ ಒಂದು ಹೊಸ ಪ್ರಶ್ನೆ — ಈ ಸಾಕ್ಷ್ಯ ಅವತ್ತೇ ಯಾಕೆ ಬರಲಿಲ್ಲ?

"ನಿನ್ನ ಸೀಲಿನ ಕಥಿ ಬರದ್ ಕಳಸಪಾ," ಅಂದೆ. "ಜಡ್ಜ್ ಸುದ್ದಾ ನಗ್ತಾರ."

ಸುಳ್ಳು ಹೇಳಿದ್ದರೆ ಶಿಕ್ಷೆಗೆ ಒಳಪಡುತ್ತೇನೆಂದು ತಿಳಿದು, ಇದು ಸತ್ಯವೆಂದು ಹೇಳುತ್ತೇನೆ. ಆ ವಾಕ್ಯದ ಕೆಳಗೆ ಸೀಲಿನ ಕತೆ ಬರೆಯಬೇಕು. ಮೂರು ವಾರ ತಡಮಾಡಿದೆ. ಆಫೀಸಿನಲ್ಲಿ ಕೆಲಸ ಅಂದೆ, ಪ್ರಿಂಟರ್ ಕೆಟ್ಟಿದೆ ಅಂದೆ. ನೀನು ಪ್ರಿಂಟರ್ ಕಳಿಸಲಾ ಎಂದು ಕೇಳಿದೆ. ಮತ್ತೆ ಅದೇ ದಾರಿ ಹಿಡಿಯುತ್ತಿದ್ದೇನೆ ಎಂದು ನನಗೆ ಕಂಡಿತು.

ಕಳೆದ ಭಾನುವಾರ ಬಟ್ಟೆ ಒಗೆಯುವ ಕೋಣೆಯಲ್ಲಿ ವಿದ್ಯಾ ಒಂದು ತುದಿ, ನಾನು ಒಂದು ತುದಿ ಹಿಡಿದು ಹೊದಿಕೆ ಮಡಚುತ್ತಿದ್ದಾಗ ಅವಳಿಗೆ ಎಲ್ಲ ಹೇಳಿದೆ. ಮುಗಿದ ಮೇಲೆ, "ಅವರಪ್ಪ ಹೋದಾಗ ನಾವಿಬ್ರೂ ವಿಡಿಯೊ ಕಾಲ್ ಮಾಡಿದ್ವಲ್ಲ ರಘು. ನೀನು ಅಳ್ತಾ ಇದ್ದೆ," ಅಂದಳು. ತನ್ನ ಕೈಯ ತುದಿಯನ್ನು ಮೇಜಿನ ಮೇಲೆ ಬಿಟ್ಟು ಮೇಲೆ ಹೋದಳು. ಉಳಿದದ್ದನ್ನು ನಾನೊಬ್ಬನೇ ಮಡಚಿದೆ. ಅವತ್ತಿನ ಅಳು ನಿಜವಾಗಿತ್ತು ಎಂದು ಹೇಳಬೇಕೆನ್ನಿಸಿತು. ಯಾರಿಗೆ ಹೇಳಲಿ? ಹೇಳಿದರೂ ಏನಾಗಬೇಕು?

ಇವತ್ತು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ, ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ನಿನ್ನ ವಕೀಲೆಗೆ ಕಳಿಸಿದ್ದೇನೆ. ಲಾಂಡ್ರಿ, ಹೊತ್ತು, ನಿನ್ನ ಬಿಳಿ ಅಂಗಿ, ಎಲ್ಲ ಇದೆ. ಅವತ್ತೇ ಯಾಕೆ ಕೊಡಲಿಲ್ಲ ಎಂಬುದಕ್ಕೆ, ನಿಮ್ಮ ಸೂಚನೆಯನ್ನು ಪೂರ್ತಿ ಓದಿಯೂ ನನ್ನ ವೀಸಾಕ್ಕೆ ಹೆದರಿ ಕೊಡಲಿಲ್ಲ, ಸೀಲು ನೆಪವಾಗಿತ್ತು ಎಂದು ಬರೆದಿದ್ದೇನೆ. ಅವರು ಕೇಳದೇ ಇದ್ದ ಒಂದು ಮಾತನ್ನೂ ಸೇರಿಸಿದ್ದೇನೆ. ಫಲಕ ನನ್ನದು. ನಾನು ಅದನ್ನು ನಿನ್ನ ಕೈಗೆ ಕೊಟ್ಟದ್ದು ಕ್ಯಾಮೆರಾ ನಮ್ಮ ಕಡೆ ತಿರುಗಿದ್ದನ್ನು ನೋಡಿ. ಆ ಚಳಿಗಾಲ ನಾನು ಹಾಕುತ್ತಿದ್ದ ಬೂಟು ನಿನಗೆ ನೆನಪಿರಬೇಕು, ನಾವಿಬ್ಬರೂ ಒಟ್ಟಿಗೆ ಹೋಗಿ ತಂದದ್ದು. ಅದಕ್ಕೆ ದಾರ ಇರಲಿಲ್ಲ. ಜಿಪ್ ಇತ್ತು.

ಇದರಿಂದ ನಿನ್ನ ಕೆಲಸ ಆಗುತ್ತದೋ ಕೆಡುತ್ತದೋ ತಿಳಿಯದು. ನನ್ನ ವೀಸಾ ಏನಾಗುತ್ತದೆ ಎನ್ನುವುದನ್ನು ಈ ಸಲ ಯೋಚಿಸಿಲ್ಲ ಎಂದರೆ ಅದೂ ಸುಳ್ಳು. ಯೋಚಿಸಿದೆ, ಹೆದರಿದೆ, ಕಳಿಸಿದೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಫೋನಿನಲ್ಲಿ ಕೊಟ್ಟ ಹಾಗೆ — ಇರ್ಲಿ ಬಿಡಲೇ ಎಂದು. ಅದನ್ನು ಇನ್ನೊಮ್ಮೆ ತೆಗೆದುಕೊಳ್ಳುವ ಮುಖ ನನಗಿಲ್ಲ.

ಶನಿವಾರ ನೀವು ಮೂವರೂ ಊಟಕ್ಕೆ ಬರುವುದೆಂದು ಮಾತಾಗಿತ್ತು. ಈ ಕಾಗದ ಅದಕ್ಕೆ ಮೊದಲು ನಿನ್ನ ಕೈ ಸೇರಬೇಕೆಂದು ಈಗಲೇ ಅಂಚೆಗೆ ಹಾಕುತ್ತಿದ್ದೇನೆ. ಬರುವುದು ಬಿಡುವುದು ನಿನಗೆ ಸೇರಿದ್ದು. ಓದಿದ ಮೇಲೆ ನೀಲಿ ಫೈಲಿನಿಂದ ಆ ಸೀಲಿನ ಕಾಗದ ತೆಗೆದು ನೋಡು. ಅದರಲ್ಲಿ ಬರೆದದ್ದೆಲ್ಲ ನಿಜ, ಒಂದಕ್ಷರ ಸುಳ್ಳಿಲ್ಲ. ಕೆಳಗೆ ಒಂದು ತಾರೀಖು ಇದೆಯಲ್ಲ, ಅದು ನಾನೇ ಆರಿಸಿಕೊಂಡದ್ದು.